ಹಳೆಯ ಜೀಪಿನ ಬ್ರೇಕು: ಬಿಗಿಮಾಡುವ ಮೊದಲು ನೋಡಬೇಕಾದದ್ದು, ಬಿಗಿಮಾಡುವ ಕ್ರಮ



ಮಳೆಗಾಲ ಮುಗಿದು ಕಬ್ಬು ಕಟಾವಿನ ಸಿದ್ಧತೆ ಆರಂಭವಾಗುವ ದಿನಗಳಲ್ಲಿ ಕತ್ತಿ ಮಸೆಯುತ್ತೇವೆ, ಪಂಪು ನೋಡುತ್ತೇವೆ, ಟ್ರೈಲರಿನ ಟಯರಿಗೆ ಗಾಳಿ ಹಾಕಿಸುತ್ತೇವೆ. ಆದರೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿರುವ ಹಳೆಯ ಜೀಪಿನ ಬ್ರೇಕನ್ನು ನೋಡುವವರು ಕಡಿಮೆ. “ಎರಡು ಸಲ ಒತ್ತಿದರೆ ಹಿಡಿಯುತ್ತದಲ್ಲ” ಎಂಬ ಸಮಾಧಾನದಲ್ಲಿ ವರ್ಷ ಕಳೆಯುತ್ತದೆ. ಎರಡನೆಯ ಸಲ ಒತ್ತುವಷ್ಟು ಸಮಯ ಪ್ರತಿ ತಿರುವಿನಲ್ಲಿಯೂ ಸಿಗುವುದಿಲ್ಲ ಎಂಬುದನ್ನು ಮರೆಯುತ್ತೇವೆ.

ಕಾಸರಗೋಡು ಜಿಲ್ಲೆಯಲ್ಲಿ ಕರಾವಳಿಯ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದರೆ ಸಮತಟ್ಟಾದ ರಸ್ತೆ ಅಪರೂಪ. ಚೆರ್ಕಳದಿಂದ ಮುಳ್ಳೇರಿಯ ದಾಟಿ ಜಾಲ್ಸೂರಿಗೆ ಹೋಗುವ ದಾರಿ, ಬಂದಡ್ಕದ ಕಡೆಯ ಮಲೆರಸ್ತೆ, ಹೊಸದುರ್ಗದಿಂದ ಪಾಣತ್ತೂರು, ಕರಿಕೆ ಮಾರ್ಗವಾಗಿ ಭಾಗಮಂಡಲಕ್ಕೆ ಏರುವ ದಾರಿ, ಇವೆಲ್ಲ ಏರು ಮತ್ತು ಇಳಿಜಾರುಗಳೇ. 2021ರ ಜನವರಿ 3ರಂದು ಪಾಣತ್ತೂರಿನ ಸಮೀಪ ಮದುವೆ ದಿಬ್ಬಣದ ಬಸ್ಸೊಂದು ಇಳಿಜಾರಿನಲ್ಲಿ ರಸ್ತೆ ಬಿಟ್ಟು ಮನೆಯೊಂದರ ಮೇಲೆ ಉರುಳಿ 7 ಮಂದಿ ಮೃತಪಟ್ಟದ್ದು ಅನೇಕರಿಗೆ ನೆನಪಿರಬಹುದು. ಆ ದುರಂತದ ಕಾರಣಗಳ ಚರ್ಚೆ ಇಲ್ಲಿಯ ವಿಷಯವಲ್ಲ. ನಮ್ಮ ಇಳಿಜಾರುಗಳು ತಪ್ಪಿಗೆ ಎಡೆಗೊಡುವಂಥವಲ್ಲ ಎಂಬುದಕ್ಕೆ ಮಾತ್ರ ಅದನ್ನು ಹೇಳಿದೆ.

ಜೀಪು, ಅಂಬಾಸಿಡರ್, ಫಿಯೆಟ್ ಮೊದಲಾದ ಹಳೆಯ ವಾಹನಗಳು ಇಂದು ಹವ್ಯಾಸಿಗಳ ಪ್ರೀತಿಯ ವಸ್ತುಗಳಾಗಿವೆ. ಅಂಬಾಸಿಡರ್ ಕಾರಿನ ತಯಾರಿಕೆ 1957ರಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪುಗಳಂತೂ ದಶಕಗಳ ಕಾಲ ನಮ್ಮ ಮಲೆಪ್ರದೇಶದ ಬಸ್ಸು, ಲಾರಿ, ಆಂಬುಲೆನ್ಸು ಎಲ್ಲವೂ ಆಗಿದ್ದವು. ಇವುಗಳ ನಾಲ್ಕು ಚಕ್ರಗಳಲ್ಲಿಯೂ ಇರುವುದು ಡ್ರಮ್ ಬ್ರೇಕು. ಹೊಸ ಕಾರುಗಳಂತೆ ಸವೆದಷ್ಟು ತಾನಾಗಿ ಹತ್ತಿರ ಬರುವ ಏರ್ಪಾಡು ಈ ಹಳೆಯ ಬ್ರೇಕುಗಳಲ್ಲಿ ಇಲ್ಲ. ಮನುಷ್ಯನೇ ಸ್ಪ್ಯಾನರು ಹಿಡಿದು ಆ ಕೆಲಸ ಮಾಡಬೇಕು.

ಬ್ರೇಕು ಕೆಲಸ ಮಾಡುವ ಬಗೆ

ಚಕ್ರದೊಂದಿಗೆ ತಿರುಗುವ ಬೋಗುಣಿಯಂಥ ಕಬ್ಬಿಣದ ಭಾಗವೇ ಡ್ರಮ್ಮು. ಅದರ ಒಳಗೆ, ತಿರುಗದೆ ನಿಂತಿರುವ ಹಿಂಬದಿಯ ತಗಡಿನ ಮೇಲೆ, ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಶೂಗಳ ಹೊರಮೈಗೆ ಲೈನಿಂಗ್ ಅಂಟಿಸಿರುತ್ತಾರೆ ಅಥವಾ ರಿವೆಟ್ ಹೊಡೆದಿರುತ್ತಾರೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಎಣ್ಣೆ ಕೊಳವೆಗಳ ಮೂಲಕ ಪ್ರತಿ ಚಕ್ರದ ವೀಲ್ ಸಿಲಿಂಡರಿಗೆ ಒತ್ತಡ ಕೊಡುತ್ತದೆ. ಅದು ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದಾಗ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ.

ನಮ್ಮ ಕಾಲಿನ ಬಲ ಅನೇಕ ಪಟ್ಟು ಹೆಚ್ಚಿ ಶೂಗಳಿಗೆ ತಲುಪುತ್ತದೆ. ಆದರೆ ಬಲ ಹೆಚ್ಚಿದಷ್ಟು ಚಲನೆ ಕಡಿಮೆಯಾಗುತ್ತದೆ. ಹಾರೆಯಿಂದ ಕಲ್ಲು ಎಬ್ಬಿಸುವಾಗ ಕೈ ಮೊಳದಷ್ಟು ಇಳಿದರೂ ಕಲ್ಲು ಬೆರಳಷ್ಟೇ ಏಳುವುದಿಲ್ಲವೇ, ಹಾಗೆ. ಲೈನಿಂಗ್ ಸ್ವಲ್ಪ ಸವೆದು ಶೂವಿಗೂ ಡ್ರಮ್ಮಿಗೂ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಿದರೂ, ಎಂಟು ಶೂಗಳ ಅಂತರವೆಲ್ಲ ಸೇರಿ ಪೆಡಲಿನಲ್ಲಿ ಅಂಗುಲಗಟ್ಟಲೆ ವ್ಯತ್ಯಾಸವಾಗಿ ಕಾಣುತ್ತದೆ. ಆ ಅಂತರವನ್ನು ಮತ್ತೆ ಮೊದಲಿನಂತೆ ಕಿರಿದುಮಾಡುವುದೇ ಬ್ರೇಕ್ ಅಡ್ಜಸ್ಟ್‌ಮೆಂಟ್. ಅದು ಸವೆತಕ್ಕೆ ಮಾತ್ರ ಮದ್ದು. ಸೋರುವ ಎಣ್ಣೆಗೆ, ಕೊಳವೆಯೊಳಗಿನ ಗಾಳಿಗೆ, ಗ್ರೀಸು ಹಿಡಿದ ಲೈನಿಂಗಿಗೆ ಅದು ಮದ್ದಲ್ಲ. ಈ ಭೇದವನ್ನು ತಿಳಿಯದೆ ಬಿಗಿಮಾಡಿದರೆ ಪೆಡಲ್ ನಾಲ್ಕು ದಿನ ಚೆನ್ನಾಗಿ ಕಾಣುತ್ತದೆ. ನಿಜವಾದ ರೋಗ ಒಳಗೇ ಬೆಳೆಯುತ್ತದೆ.

ಮೊದಲು ಪೆಡಲನ್ನು ಕೇಳಿ

ಜೀಪನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪೆಡಲನ್ನು ನಿಧಾನವಾಗಿ ಒತ್ತಿ ನೋಡಬೇಕು. ಐದು ಬಗೆಯ ಉತ್ತರಗಳು ಸಿಗಬಹುದು.

1. ಮೊದಲ ಸಲ ತಳದ ಹತ್ತಿರಕ್ಕೆ ಹೋಗಿ, ಕೂಡಲೇ ಎರಡನೆಯ ಸಲ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂಗಳು ಡ್ರಮ್ಮಿನಿಂದ ದೂರವಾಗಿವೆ ಎಂದರ್ಥ. ಇದು ಸಾಮಾನ್ಯವಾಗಿ ಬಿಗಿಮಾಡಿದರೆ ಸರಿಹೋಗುತ್ತದೆ.

2. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಗಾಳಿ ಎಲ್ಲಿಂದ ಬಂತೆಂದು ಹುಡುಕಿ, ಸರಿಪಡಿಸಿ, ಗಾಳಿ ತೆಗೆಯಬೇಕು.

3. ಒಂದೇ ಸಮ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತಾ ಹೋದರೆ ಎಲ್ಲಿಯೋ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರು ಕೆಟ್ಟಿದೆ. ಇಂಥ ವಾಹನವನ್ನು ರಸ್ತೆಗೆ ಇಳಿಸಲೇಬಾರದು.

4. ಪೆಡಲ್ ಮೇಲೆಯೇ ಗಟ್ಟಿಯಾಗಿ ನಿಂತರೂ ಜೀಪು ನಿಲ್ಲದಿದ್ದರೆ ಲೈನಿಂಗಿಗೆ ಎಣ್ಣೆ ಅಥವಾ ಗ್ರೀಸು ತಾಗಿರಬಹುದು, ಇಲ್ಲವೆ ಕಾದು ಕಾದು ಅದರ ಮೈ ಗಾಜಿನಂತೆ ನುಣುಪಾಗಿರಬಹುದು.

5. ಬ್ರೇಕ್ ಹಾಕಿದಾಗ ಜೀಪು ಒಂದು ಪಕ್ಕಕ್ಕೆ ಎಳೆದರೆ ಎಡಬಲದ ಬ್ರೇಕುಗಳು ಸಮವಾಗಿಲ್ಲ. ಬಿಗಿಯಲ್ಲಿ ವ್ಯತ್ಯಾಸ, ಒಂದು ಡ್ರಮ್ಮಿಗೆ ಇಳಿದ ಗ್ರೀಸು, ಕಚ್ಚಿಕೊಂಡ ವೀಲ್ ಸಿಲಿಂಡರು ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಟಯರಿನ ಗಾಳಿಯನ್ನೂ ನೋಡಬೇಕು.

ಮೊದಲನೆಯ ಉತ್ತರ ಬಂದರೆ ಮಾತ್ರ ಸ್ಪ್ಯಾನರು ಹಿಡಿಯಬೇಕು. ಉಳಿದ ನಾಲ್ಕಕ್ಕೆ ಕಾರಣ ಹುಡುಕಿ ಸರಿಪಡಿಸಿದ ಮೇಲೆಯೇ ಬಿಗಿಮಾಡುವುದು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಎಣ್ಣೆಯ ಮಾರ್ಗ ಒಂದೇ ಆಗಿರುತ್ತದೆ. ಒಂದು ಕಡೆ ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಹೋಗುತ್ತವೆ. ಆದುದರಿಂದ ಸಣ್ಣ ಸೋರಿಕೆ ಎಂದು ತಾತ್ಸಾರ ಮಾಡುವಂತಿಲ್ಲ.

ಎಣ್ಣೆ ಮತ್ತು ಲೈನಿಂಗ್

ಚಾಲಕನ ಕಾಲಡಿಯಲ್ಲಿರುವ ಮಾಸ್ಟರ್ ಸಿಲಿಂಡರಿನ ಮುಚ್ಚಳದ ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿದ ನಂತರವೇ ತೆರೆಯಬೇಕು. ಎಣ್ಣೆ ಬಾಯಿಯಿಂದ ಅರ್ಧ ಅಂಗುಲದಷ್ಟು ಕೆಳಗಿದ್ದರೆ ಸಾಕು. ಎಂಜಿನ್ ಎಣ್ಣೆಯನ್ನಾಗಲಿ ಸೀಮೆ ಎಣ್ಣೆಯನ್ನಾಗಲಿ ಒಂದು ತೊಟ್ಟು ಸಹ ಹಾಕಬಾರದು. ಒಳಗಿನ ರಬ್ಬರುಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ.

ಬ್ರೇಕ್ ಎಣ್ಣೆಗೆ ಗಾಳಿಯ ತೇವಾಂಶವನ್ನು ಹೀರುವ ಗುಣವಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಮರೆಯಬಾರದು. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮವಿದೆ. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿತೆಂದರೆ ಅದು 140 ಡಿಗ್ರಿಯ ಸುಮಾರಿಗೆ ಇಳಿಯಬಹುದು. ಉದ್ದದ ಇಳಿಜಾರಿನಲ್ಲಿ ಡ್ರಮ್ಮು ಕಾದು ವೀಲ್ ಸಿಲಿಂಡರಿನ ಎಣ್ಣೆ ಕುದಿದರೆ ಆವಿಯಾಗುತ್ತದೆ. ಆವಿ ಒತ್ತಡವನ್ನು ದಾಟಿಸುವುದಿಲ್ಲ, ಪೆಡಲ್ ಹಾಗೆಯೇ ತಳಕ್ಕೆ ಹೋಗುತ್ತದೆ. ತಣ್ಣಗಾದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ಕಾರಣ ಯಾರಿಗೂ ತಿಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಪೂರ್ತಿ ಬದಲಾಯಿಸುವುದು ಒಳ್ಳೆಯದು. ತೆರೆದಿಟ್ಟ ಹಳೆಯ ಡಬ್ಬಿಯ ಎಣ್ಣೆ ಬೇಡ.

ವರ್ಷಕ್ಕೊಮ್ಮೆಯಾದರೂ ಡ್ರಮ್ಮುಗಳನ್ನು ಬಿಚ್ಚಿಸಿ ಒಳಗೆ ನೋಡಬೇಕು. ಲೈನಿಂಗ್ ಸವೆದು ರಿವೆಟ್ಟಿನ ತಲೆಯಿಂದ ಒಂದೂವರೆ ಮಿಲಿಮೀಟರಿನಷ್ಟೇ ಉಳಿದಿದ್ದರೆ ಹೊಸದು ಹಾಕಿಸುವ ಕಾಲ ಬಂತು. ಇಷ್ಟು ಸವೆದ ಲೈನಿಂಗನ್ನು ಬಿಗಿಮಾಡುತ್ತಲೇ ಹೋದರೆ ರಿವೆಟ್ಟು ಡ್ರಮ್ಮನ್ನು ಕೊರೆಯುತ್ತದೆ. ಒಳಗಿನ ಧೂಳನ್ನು ಬಾಯಿಯಿಂದ ಊದಬಾರದು, ಗಾಳಿ ಪಂಪಿನಿಂದಲೂ ಹಾರಿಸಬಾರದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಎಷ್ಟೋ ವರ್ಷಗಳ ಮೇಲೆ ಮಾರಕ ರೋಗ ತರುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು.

ಜಾಕಿ ಕೊಡುವಾಗ ಎಚ್ಚರ

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಜೀಪಿನ ಕೈಬ್ರೇಕು ಕಾರಿನಂತೆ ಹಿಂದಿನ ಚಕ್ರಗಳ ಡ್ರಮ್ಮಿಗೆ ಜೋಡಿಸಿದ್ದಲ್ಲ. ಅದು ಗೇರ್‌ಪೆಟ್ಟಿಗೆಯ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಹೊರಡುವಲ್ಲಿ, ಬೇರೆಯೇ ಡ್ರಮ್ಮಿನ ಮೇಲೆ ಕೆಲಸ ಮಾಡುತ್ತದೆ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದ ಕೂಡಲೇ ಈ ಕೈಬ್ರೇಕು ನಿಷ್ಪ್ರಯೋಜಕವಾಗುತ್ತದೆ. ಏಕೆಂದರೆ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಒಂದು ದಿಕ್ಕಿಗೆ ತಿರುಗಿ, ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೆ ಉರುಳಬಲ್ಲದು. ಗೇರಿನಲ್ಲಿ ನಿಲ್ಲಿಸಿದರೂ ಇದೇ ಕಥೆ.

ನಮ್ಮ ಅಂಗಳದಲ್ಲಿಯೇ ಒಮ್ಮೆ ಹೀಗಾಯಿತು. ಕೈಬ್ರೇಕು ಎಳೆದಿದೆ ಎಂಬ ಧೈರ್ಯದಲ್ಲಿ ಹಿಂದಿನ ಚಕ್ರ ಎತ್ತಿದೆವು. ಅಂಗಳಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಜೀಪು ಜಾಕಿಯಿಂದ ಜಾರಿ ತೆಂಗಿನ ಕಟ್ಟೆಗೆ ಬಡಿದು ನಿಂತಿತು. ಅಡಿಯಲ್ಲಿ ಮಲಗಿ ಕೆಲಸ ಮಾಡಬೇಕಾಗಿದ್ದ ಹುಡುಗ ಸ್ಪ್ಯಾನರು ತರಲು ಒಳಗೆ ಹೋಗಿದ್ದ. ಅದೊಂದೇ ಭಾಗ್ಯ. ಅಂದಿನಿಂದ ನೆಲದ ಮೇಲಿರುವ ಚಕ್ರಗಳ ಹಿಂದೆ ಮತ್ತು ಮುಂದೆ ಮರದ ತುಂಡು ಕೊಡದೆ ಜಾಕಿ ಮುಟ್ಟುವುದಿಲ್ಲ. ಜಾಕಿಯನ್ನು ಎತ್ತಲು ಮಾತ್ರ ಬಳಸಿ, ಭಾರವನ್ನು ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಕೆಂಪುಕಲ್ಲು ಅಥವಾ ಇಟ್ಟಿಗೆಯನ್ನು ಒಟ್ಟಿ ಅದರ ಮೇಲೆ ನಿಲ್ಲಿಸಬಾರದು. ಅವು ಒಮ್ಮೆಗೇ ಸೀಳುತ್ತವೆ.

ಬಿಗಿಮಾಡುವ ಕ್ರಮ

ಡ್ರಮ್ಮುಗಳು ತಣ್ಣಗಿರುವಾಗ ಮಾತ್ರ ಈ ಕೆಲಸ ಮಾಡಬೇಕು. ಇಲ್ಲಿ ಹೇಳಿರುವುದು 9 ಅಂಗುಲದ ಡ್ರಮ್ಮಿರುವ ಹಳೆಯ ಜೀಪಿನ ಕ್ರಮ.

1. ಚಕ್ರ ಎತ್ತಿದ ಮೇಲೆ ಮೇಲೂ ಕೆಳಗೂ ಹಿಡಿದು ಅಲುಗಿಸಿ ನೋಡಿ. ಆಟವಿದ್ದರೆ ಬೇರಿಂಗನ್ನು ಮೊದಲು ಸರಿಪಡಿಸಬೇಕು. ಸಡಿಲ ಬೇರಿಂಗಿನ ಮೇಲೆ ಮಾಡಿದ ಅಡ್ಜಸ್ಟ್‌ಮೆಂಟ್ ನಿಲ್ಲುವುದಿಲ್ಲ.

2. ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೈಬ್ರೇಕು ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ. ಹಿಂದಿನ ಚಕ್ರ ಆಕ್ಸಲಿನ ಗೇರುಗಳನ್ನೂ ಎಳೆದುಕೊಂಡು ತಿರುಗುವುದರಿಂದ ಸ್ವಲ್ಪ ಭಾರವಾಗಿಯೇ ಇರುತ್ತದೆ. ಅದನ್ನು ಬ್ರೇಕಿನ ತಾಗುವಿಕೆ ಎಂದು ತಿಳಿಯಬಾರದು. ಬಿಗಿಮಾಡುವ ಮೊದಲೇ ಆ ಭಾರವನ್ನು ಕೈಯಲ್ಲಿ ಗುರುತಿಟ್ಟುಕೊಳ್ಳಿ.

3. ಚಕ್ರದ ಒಳಬದಿಯಲ್ಲಿ, ಹಿಂಬದಿಯ ತಗಡಿನ ಮೇಲೆ, ಎರಡು ಎಕ್ಸೆಂಟ್ರಿಕ್ ಬೋಲ್ಟುಗಳು ಲಾಕ್‌ನಟ್ಟಿನೊಡನೆ ಕಾಣುತ್ತವೆ. ಒಂದು ಮುಂದಿನ ಶೂವಿಗೆ, ಒಂದು ಹಿಂದಿನ ಶೂವಿಗೆ. ಕೇಂದ್ರ ತಪ್ಪಿಸಿ ಕೂರಿಸಿದ ಬಿಲ್ಲೆಯಂತೆ ಇದು ತಿರುಗಿದಂತೆಲ್ಲ ಶೂವನ್ನು ಡ್ರಮ್ಮಿನ ಕಡೆಗೆ ದೂಡುತ್ತದೆ. ಮಣ್ಣು, ತುಕ್ಕು ಇದ್ದರೆ ತಂತಿಯ ಬ್ರಷ್ಷಿನಿಂದ ತಿಕ್ಕಿ, ತುಕ್ಕು ಬಿಡಿಸುವ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ.

4. ಮುಂದಿನ ಶೂವಿನ ಲಾಕ್‌ನಟ್ಟನ್ನು ಸಡಿಲಿಸಿ. ಎಕ್ಸೆಂಟ್ರಿಕ್ಕನ್ನು ವಾಹನದ ಮುಂಭಾಗದ ಕಡೆಗೆ ಮೆಲ್ಲನೆ ತಿರುಗಿಸುತ್ತಾ, ಇನ್ನೊಂದು ಕೈಯಿಂದ ಚಕ್ರ ತಿರುಗಿಸುತ್ತಿರಿ. ಶೂ ಡ್ರಮ್ಮಿಗೆ ತಾಗಿ ಚಕ್ರ ನಿಂತಾಗ ತಿರುಗಿಸುವುದನ್ನು ನಿಲ್ಲಿಸಿ.

5. ಈಗ ಅದನ್ನು ಸ್ವಲ್ಪ ಸ್ವಲ್ಪವಾಗಿಯೇ ಹಿಂದಕ್ಕೆ ತನ್ನಿ. ಚಕ್ರ ತಾಗದೆ ಮೊದಲಿನಂತೆ ತಿರುಗುವ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಎಕ್ಸೆಂಟ್ರಿಕ್ಕನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ಇನ್ನೊಂದರಿಂದ ಲಾಕ್‌ನಟ್ಟು ಬಿಗಿಯಿರಿ. ಬಿಗಿಯುವಾಗ ಬೋಲ್ಟು ಜೊತೆಗೇ ತಿರುಗಿ ಮಾಡಿದ್ದೆಲ್ಲ ವ್ಯರ್ಥವಾಗುವುದು ಸಾಮಾನ್ಯ. ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಚಕ್ರ ತಿರುಗಿಸಿ ನೋಡಬೇಕು.

6. ಹಿಂದಿನ ಶೂವಿಗೂ ಹೀಗೆಯೇ. ಅದರ ಎಕ್ಸೆಂಟ್ರಿಕ್ಕನ್ನು ವಾಹನದ ಹಿಂಭಾಗದ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆ.

7. ಇದೇ ರೀತಿ ನಾಲ್ಕು ಚಕ್ರಗಳಿಗೂ ಮಾಡಬೇಕು. ಕೆಟ್ಟದ್ದು ಒಂದೇ ಎಂದು ಒಂದು ಚಕ್ರವನ್ನು ಮಾತ್ರ ಬಿಗಿಮಾಡಿದರೆ ಒದ್ದೆ ರಸ್ತೆಯಲ್ಲಿ ಜೀಪು ಆ ಪಕ್ಕಕ್ಕೆ ಎಳೆದು ಅಡ್ಡ ತಿರುಗುವ ಅಪಾಯವಿದೆ.

ಶೂಗಳ ಕೆಳತುದಿಯಲ್ಲಿರುವ ಆ್ಯಂಕರ್ ಪಿನ್ನುಗಳನ್ನು ಈ ಕೆಲಸದಲ್ಲಿ ಮುಟ್ಟಬಾರದು. ಅವನ್ನು ಹೊಸ ಲೈನಿಂಗ್ ಹಾಕಿದಾಗ ಮಾತ್ರ ಫೀಲರ್ ಗೇಜ್ ಇಟ್ಟು ಹೊಂದಿಸುತ್ತಾರೆ. ಆಗ ಲೈನಿಂಗಿನ ಕೆಳತುದಿಯಲ್ಲಿ 0.005 ಅಂಗುಲ, ಮೇಲ್ತುದಿಯಲ್ಲಿ 0.008 ಅಂಗುಲ ಅಂತರವಿರಬೇಕು. ಇದು ಅನುಭವಿ ಮೆಕ್ಯಾನಿಕನ ಕೆಲಸ.

ಬೇರೆ ಮಾದರಿಗಳಲ್ಲಿ ಅಡ್ಜಸ್ಟರಿನ ರೂಪ ಬೇರೆ. ಕೆಲವದರಲ್ಲಿ ಶೂಗಳ ನಡುವೆ ಹಲ್ಲಿನ ಚಕ್ರವಿದ್ದು, ತಗಡಿನ ರಂಧ್ರದ ರಬ್ಬರು ತೆಗೆದು ಸ್ಕ್ರೂಡ್ರೈವರಿನಿಂದ ತಿರುಗಿಸಬೇಕಾಗುತ್ತದೆ. ಅಂಬಾಸಿಡರ್, ಫಿಯೆಟ್ ಇರುವವರು ತಮ್ಮ ವಾಹನದ ಕೈಪಿಡಿಯನ್ನು ನೋಡಬೇಕು. ತತ್ತ್ವ ಮಾತ್ರ ಎಲ್ಲದಕ್ಕೂ ಒಂದೇ: ತಾಗುವ ತನಕ ಬಿಗಿ, ತಾಗದಷ್ಟು ಮಾತ್ರ ಸಡಿಲ.

ಪೆಡಲಿನ ಆಟ ಮತ್ತು ಕೈಬ್ರೇಕು

ಪೆಡಲನ್ನು ಬೆರಳಿನಿಂದ ಒತ್ತಿದಾಗ ಎಣ್ಣೆಯ ಒತ್ತಡ ಆರಂಭವಾಗುವ ಮೊದಲು ಸುಮಾರು ಅರ್ಧ ಅಂಗುಲದಷ್ಟು ಸುಮ್ಮನೆ ಇಳಿಯಬೇಕು. ಕೆಲವರು ಈ ಆಟವನ್ನೂ ತೆಗೆದುಬಿಟ್ಟರೆ ಬ್ರೇಕು ಬೇಗ ಹಿಡಿಯುತ್ತದೆಂದು ತಿಳಿಯುತ್ತಾರೆ. ಇದು ತಪ್ಪು. ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ಹಿಂದಿರುಗುವ ಸಣ್ಣ ರಂಧ್ರವೊಂದಿದೆ. ಆಟವಿಲ್ಲದಿದ್ದರೆ ಆ ರಂಧ್ರ ಮುಚ್ಚಿಯೇ ಇರುತ್ತದೆ. ಕಾದು ಹಿಗ್ಗಿದ ಎಣ್ಣೆಗೆ ಹಿಂದೆ ಬರಲು ದಾರಿಯಿಲ್ಲದೆ ಶೂಗಳು ತಾವಾಗಿ ಡ್ರಮ್ಮನ್ನು ಒತ್ತುತ್ತಾ ಹೋಗುತ್ತವೆ. ಒತ್ತಿದಷ್ಟೂ ಕಾಯುತ್ತದೆ, ಕಾದಷ್ಟೂ ಒತ್ತುತ್ತದೆ.

ಕೈಬ್ರೇಕನ್ನು ಬೇರೆಯಾಗಿಯೇ ಹೊಂದಿಸಬೇಕು. ಗೇರ್‌ಪೆಟ್ಟಿಗೆಯ ಸೀಲಿನಿಂದ ಎಣ್ಣೆ ಇಳಿದು ಅದರ ಲೈನಿಂಗ್ ನೆನೆಯುವುದು ಹಳೆಯ ಜೀಪುಗಳಲ್ಲಿ ಸಾಮಾನ್ಯ ದೋಷ. ಹಾಗಾದಾಗ ಎಷ್ಟು ಬಿಗಿಮಾಡಿದರೂ ಪ್ರಯೋಜನವಿಲ್ಲ, ಮೊದಲು ಸೀಲು ಬದಲಾಯಿಸಬೇಕು.

ರಸ್ತೆಯಲ್ಲಿ ಪರೀಕ್ಷೆ

ಮೊದಲ ಪರೀಕ್ಷೆ ಅಂಗಳದಲ್ಲಿಯೇ ಆಗಲಿ. ನಂತರ ಜನಸಂಚಾರವಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿ, ನೇರವಾಗಿ ನಿಲ್ಲುವುದೇ ಎಂದು ನೋಡಿ. ಮೂರು ನಾಲ್ಕು ಕಿಲೋಮೀಟರ್ ಓಡಿಸಿದ ಮೇಲೆ ಪ್ರತಿ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಶೂ ತಾಗುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ.

ಇಳಿಜಾರಿನಲ್ಲಿ ಗೇರಿನ ಸಹಾಯ

ಎಷ್ಟೇ ಚೆನ್ನಾಗಿ ಹೊಂದಿಸಿದ ಡ್ರಮ್ ಬ್ರೇಕಿಗೂ ಒಂದು ಮಿತಿಯಿದೆ. ಹೊರೆ ಸೇರಿ 1500 ಕಿಲೋ ತೂಗುವ ಜೀಪು 300 ಮೀಟರ್ ಎತ್ತರದಿಂದ ಕೆಳಗಿಳಿಯಿತೆನ್ನೋಣ. ಅದನ್ನು ಬ್ರೇಕಿನಿಂದಲೇ ಹಿಡಿದು ಇಳಿಸಿದರೆ ಡ್ರಮ್ಮುಗಳಲ್ಲಿ ಹುಟ್ಟುವ ಶಾಖ, 30 ಡಿಗ್ರಿಯಲ್ಲಿರುವ ಸುಮಾರು 15 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಒಂದು ಹಂಡೆ ಬಿಸಿನೀರಿನ ಬೆಂಕಿಯನ್ನು ನಾಲ್ಕು ಡ್ರಮ್ಮುಗಳೊಳಗೆ ಇಟ್ಟಂತಾಯಿತು. ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಕಾದ ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಆದುದರಿಂದ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಬೇಕು. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ಲೆಕ್ಕ ಈ ಜೀಪುಗಳಿಗೆ ಸರಿಯಾಗಿಯೇ ಇದೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಬಿಡುವುದು ಪ್ರಾಣದ ಜೊತೆ ಜೂಜು. ತೋಡು ದಾಟಿದ ಮೇಲೆ ಲೈನಿಂಗ್ ಒದ್ದೆಯಾಗಿರುತ್ತದೆ. ಮೆಲ್ಲಗೆ ಓಡಿಸುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು.

ಟ್ರ್ಯಾಕ್ಟರ್ ಇರುವ ಸದಸ್ಯರಿಗೆ

ಕಬ್ಬು ಸಾಗಿಸುವ ಟ್ರ್ಯಾಕ್ಟರಿನಲ್ಲಿ ಎಡಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುತ್ತವೆ. ಗದ್ದೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು ಅದು ಅನುಕೂಲ. ಆದರೆ ರಸ್ತೆಗೆ ಬರುವ ಮೊದಲು ಎರಡನ್ನೂ ಕೊಂಡಿಯಿಂದ ಸೇರಿಸಲೇಬೇಕು, ಮತ್ತು ಎರಡರ ಆಟವೂ ಸಮವಾಗಿರಬೇಕು. ತುಂಬಿದ ಟ್ರೈಲರು ಹಿಂದಿನಿಂದ ದೂಡುತ್ತಿರುವಾಗ ಒಂದೇ ಚಕ್ರ ಹಿಡಿದರೆ ಟ್ರ್ಯಾಕ್ಟರು ಮಗುಚುತ್ತದೆ.

15 ವರ್ಷ ಕಳೆದ ಖಾಸಗಿ ವಾಹನಗಳ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸುವಾಗ ಬ್ರೇಕಿನ ತಪಾಸಣೆಯೂ ನಡೆಯುತ್ತದೆ. ಆ ಒಂದು ದಿನಕ್ಕಾಗಿ ಸರಿಮಾಡಿಸಿ ಮತ್ತೆ ಮರೆಯುವುದು ಬೇಡ. ಮಳೆಗಾಲದ ಮೊದಲೊಮ್ಮೆ, ಕಟಾವಿನ ಮೊದಲೊಮ್ಮೆ, ವರ್ಷಕ್ಕೆ ಎರಡು ಸಲ ಅರ್ಧ ದಿನ ಇದಕ್ಕೆ ಮೀಸಲಿಡಿ. ಮಾಡಿದ ದಿನಾಂಕವನ್ನೂ ಹಾಕಿದ ಎಣ್ಣೆಯ ದರ್ಜೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬಿಗಿಮಾಡಿದ ಕೆಲವೇ ದಿನಗಳಲ್ಲಿ ಪೆಡಲ್ ಮತ್ತೆ ಇಳಿದರೆ ಸ್ಪ್ಯಾನರನ್ನು ಬದಿಗಿಟ್ಟು, ಕಾರಣವನ್ನು ಹುಡುಕಿ. ಅದು ಸಿಗುವ ತನಕ ಜೀಪು ಅಂಗಳದಲ್ಲಿಯೇ ಇರಲಿ.